ಜನಸಂದಣಿಯಲ್ಲಿ ಒಬ್ಬರು ಕುಸಿದು ಬಿದ್ದಾಗ: ಭದ್ರತಾ ಸಿಬ್ಬಂದಿ ಮಾಡಬೇಕಾದ್ದೇನು?

ಸಭಾಂಗಣವಾಗಲಿ ಕ್ರೀಡಾಂಗಣವಾಗಲಿ, ಪ್ರೇಕ್ಷಕರೊಬ್ಬರು ಕುಸಿದು ಬಿದ್ದರೆ ಅವರ ಬಳಿಗೆ ಮೊದಲು ತಲುಪುವವರು ಸಾಮಾನ್ಯವಾಗಿ ಹತ್ತಿರ ನಿಂತಿರುವ ಭದ್ರತಾ ಸಿಬ್ಬಂದಿಯೇ. ಅಣಕು ತಾಲೀಮುಗಳಲ್ಲಿ ನಾನು ಮತ್ತೆ ಮತ್ತೆ ಕಂಡಿರುವ ತಪ್ಪೆಂದರೆ, ಐದಾರು ಮಂದಿ ಒಟ್ಟಿಗೆ ಓಡಿಬಂದು ಬಿದ್ದವರ ಮೇಲೆ ಬಗ್ಗಿ ನಿಲ್ಲುವುದು. ಆ ಹೊತ್ತಿಗೆ ಗೇಟಿನಲ್ಲಿ ಒಬ್ಬರೂ ಉಳಿದಿರುವುದಿಲ್ಲ. ಇಬ್ಬರು ಬಂದರೆ ಸಾಕು. ವಿದ್ಯುತ್ ತಂತಿ, ಒಡೆದ ಗಾಜು, ಹಿಂದಿನಿಂದ ನೂಕುವ ಜನ, ಇಂಥ ಅಪಾಯಗಳಿಲ್ಲವೆಂದು ಕಣ್ಣಾಡಿಸಿಯೇ ಹತ್ತಿರ ಹೋಗಬೇಕು.

ಎಡವುವುದು ಮುಂದಿನ ಹಂತದಲ್ಲಿ. ಭುಜ ತಟ್ಟಿ ಗಟ್ಟಿಯಾಗಿ ಕೂಗಿದರೂ ಪ್ರತಿಕ್ರಿಯೆ ಇಲ್ಲದಿದ್ದರೆ ಉಸಿರಾಟವನ್ನು ನೋಡಬೇಕು, ಅದೂ 10 ಸೆಕೆಂಡಿಗಿಂತ ಹೆಚ್ಚು ಹೊತ್ತಲ್ಲ. ಸಂಗೀತದ ಅಬ್ಬರದಲ್ಲಿ ಉಸಿರಿನ ಸದ್ದು ಕೇಳಿಸದು. ಆದ್ದರಿಂದ ಟಾರ್ಚ್ ಹಿಡಿದು ಎದೆ ಏರಿಳಿಯುತ್ತಿದೆಯೇ ಎಂದು ಕಣ್ಣಿನಿಂದಲೇ ನೋಡಬೇಕು. ಹೃದಯ ನಿಂತವರು ಕೆಲವು ನಿಮಿಷಗಳವರೆಗೂ ಆಗೊಮ್ಮೆ ಈಗೊಮ್ಮೆ ಗೊರಕೆಯಂಥ ಸದ್ದಿನೊಡನೆ ಬಾಯಿ ತೆರೆದು ಗಾಳಿಗಾಗಿ ಗುಟುಕರಿಸುವುದುಂಟು. ‘ಉಸಿರಾಡುತ್ತಿದ್ದಾರೆ, ಮಲಗಿಸಿ’ ಎಂದು ಹಿಂದೆ ಸರಿಯುವವರು ಮೋಸಹೋಗುವುದು ಇಲ್ಲಿಯೇ. ಅದು ಉಸಿರಾಟವಲ್ಲ, ಎಚ್ಚರವಿಲ್ಲದೆ ಹೀಗೆ ಗುಟುಕರಿಸುವವರಿಗೆ ತಕ್ಷಣ ಸಿಪಿಆರ್, ಅಂದರೆ ಎದೆಯನ್ನು ಒತ್ತಿ ಒತ್ತಿ ರಕ್ತ ಹರಿಯುವಂತೆ ಮಾಡುವ ಚಿಕಿತ್ಸೆ, ಬೇಕು. ಹೃದಯ ನಿಂತ ಕ್ಷಣದಲ್ಲಿ ಕೈಕಾಲು ಅದುರುವುದೂ ಉಂಟಾದ್ದರಿಂದ, ಅಪಸ್ಮಾರವೆಂದುಕೊಂಡರೂ ಅದುರುವಿಕೆ ನಿಂತೊಡನೆ ಉಸಿರನ್ನು ಮತ್ತೆ ನೋಡಬೇಕು. ನಾಡಿ ಹುಡುಕುತ್ತಾ ಕೂರುವುದು ಬೇಡ. ತರಬೇತಿ ಇಲ್ಲದ ಬೆರಳಿಗೆ ಅದು ಸಿಗುವುದಿಲ್ಲ, ಸಮಯ ಮಾತ್ರ ಹೋಗುತ್ತದೆ.

ಈ ನಡುವೆ ಎರಡನೆಯವರು ವಾಕಿಟಾಕಿಯಲ್ಲಿ ಮಾತಾಡಬೇಕು. ‘ಇಲ್ಲೊಬ್ಬರು ಬಿದ್ದಿದ್ದಾರೆ, ಬೇಗ ಬನ್ನಿ’ ಎಂದರೆ ನಿಯಂತ್ರಣ ಕೊಠಡಿಗೆ ಏನೂ ತಿಳಿಯುವುದಿಲ್ಲ. ಗುಂಡಿ ಒತ್ತಿ ಒಂದು ಕ್ಷಣ ತಡೆದು ಮಾತು ಶುರುಮಾಡಬೇಕು. ಇಲ್ಲದಿದ್ದರೆ ಮೊದಲ ಪದವೇ ನುಂಗಿಹೋಗುತ್ತದೆ, ಆ ಪದ ಬಹುಪಾಲು ಸ್ಥಳದ ಹೆಸರೇ ಆಗಿರುತ್ತದೆ. ‘ಸಿ ಬ್ಲಾಕ್, 12ನೇ ಸಾಲು, ಗೇಟ್ 4ರ ಪಕ್ಕ. ಎಚ್ಚರವಿಲ್ಲ, ಉಸಿರಾಟವಿಲ್ಲ. ಸಿಪಿಆರ್ ಶುರುಮಾಡಿದ್ದೇವೆ. ಎಇಡಿ ಕಳುಹಿಸಿ, ಆಂಬುಲೆನ್ಸ್ ಕರೆಸಿ.’ (ಎಇಡಿ ಎಂದರೆ ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಯಂತ್ರ.) ಇಷ್ಟು ಹೇಳಿ, ಅವರ ಬಾಯಿಂದ ಅದನ್ನೇ ಮರಳಿ ಕೇಳಿಸಿಕೊಳ್ಳಬೇಕು. ಬಣ್ಣದ ಹೆಸರಿನ ಸಂಕೇತಗಳು ನನಗೆ ಹಿಡಿಸುವುದಿಲ್ಲ. ಗಾಬರಿಯಲ್ಲಿ ಅವು ಯಾರಿಗೂ ನೆನಪಿರುವುದಿಲ್ಲ.

ಸಿಪಿಆರ್‌ಗೆ ಆಸನಗಳ ನಡುವಿನ ಇಕ್ಕಟ್ಟು ಆಗದು, ಗಟ್ಟಿ ನೆಲಕ್ಕೆ ಎಳೆದುಕೊಳ್ಳಬೇಕು. ವಯಸ್ಕರ ಎದೆಯ ನಡುವೆ 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಬಾರಿ ಒತ್ತಬೇಕು. 2 ನಿಮಿಷಕ್ಕೊಮ್ಮೆ ಕೈ ಬದಲಾಗಬೇಕು. ಎಇಡಿ ಬಂದೊಡನೆ ಬೆವರೊರೆಸಿ ಪ್ಯಾಡ್ ಅಂಟಿಸಿ ಅದು ಹೇಳಿದಂತೆ ನಡೆದರಾಯಿತು. ಆದರೆ ಆ ಯಂತ್ರವನ್ನು ಕಚೇರಿಯ ಬೀರುವಿನಲ್ಲಿಟ್ಟು ಬೀಗ ಹಾಕುವ ಆಡಳಿತಗಳಿವೆ, ಅವಧಿ ಮುಗಿದು ಅಂಟು ಒಣಗಿದ ಪ್ಯಾಡುಗಳೂ ನನ್ನ ಕಣ್ಣಿಗೆ ಬಿದ್ದಿವೆ. ಸಿಪಿಆರ್ ಆಗಲಿ ವಿದ್ಯುತ್ ಆಘಾತವಾಗಲಿ ಸಿಗದೆ ಕಳೆದ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ 7ರಿಂದ 10ರಷ್ಟು ಕುಸಿಯುತ್ತದೆಂಬುದನ್ನು ಬೀಗದ ಕೈ ಇಟ್ಟುಕೊಂಡವರಿಗೆ ತಿಳಿಸಬೇಕು.

ಉಳಿದ ಸಿಬ್ಬಂದಿ ರೋಗಿಗೆ ಬೆನ್ನು ಮಾಡಿ, ಜನರತ್ತ ಮುಖ ಮಾಡಿ ನಿಲ್ಲಬೇಕು. ಮೊಬೈಲ್ ಎತ್ತುವವರನ್ನು ತಡೆಯಲು ಬಟ್ಟೆಯ ಪರದೆಯೊಂದಿದ್ದರೆ ಇನ್ನೂ ಒಳ್ಳೆಯದು. ಜೊತೆಗೆ ಬಂದವರನ್ನು ಮಾತ್ರ ದೂರ ಕಳುಹಿಸಬಾರದು, ರೋಗಿಯ ಔಷಧ, ಕಾಯಿಲೆಗಳ ವಿವರ ಅವರಲ್ಲಿರುತ್ತದೆ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಕೂಡದು.

ಆಂಬುಲೆನ್ಸ್ ಸಿಬ್ಬಂದಿಯನ್ನು ಕರೆತರಲು ಗೇಟಿಗೆ ಒಬ್ಬರು, ಲಿಫ್ಟ್ ತೆರೆದು ಹಿಡಿಯಲು ಇನ್ನೊಬ್ಬರು ಹೋಗಬೇಕು. ಕಾರ್ಯಕ್ರಮಕ್ಕೆ ಮುನ್ನವೇ ಆ ದಾರಿಯಲ್ಲಿ ಸ್ಟ್ರೆಚರ್ ಹೊತ್ತು ನಡೆದು, ಮೆಟ್ಟಿಲ ತಿರುವಿನಲ್ಲಿ ಅದು ಹಾಯುತ್ತದೆಯೇ ಎಂದು ನೋಡಿರಬೇಕು. ಭಾರ ಬಿದ್ದೊಡನೆ ನಡು ಬಾಗುವ ಅಗ್ಗದ ಮಡಿಚುವ ಸ್ಟ್ರೆಚರುಗಳನ್ನು ಕೊಳ್ಳಲೇಬೇಡಿ.

ಕುಸಿದ ಸಮಯ, ಸಿಪಿಆರ್ ಶುರುವಾದ ಸಮಯ, ಎಇಡಿ ಎಷ್ಟು ಬಾರಿ ಆಘಾತ ಕೊಟ್ಟಿತು ಎಂಬುದನ್ನು ಕೈಗವಸಿನ ಮೇಲಾದರೂ ಪೆನ್ನಿನಿಂದ ಬರೆದಿಟ್ಟು ಆಂಬುಲೆನ್ಸ್ ಸಿಬ್ಬಂದಿಗೆ ಓದಿ ಹೇಳಬೇಕು. ಅವರು ಹೊರಟ ಮೇಲೆ, ಜನ ಇನ್ನೂ ಒಳಗಿರುವಾಗಲೇ, ಎಇಡಿಗೆ ಹೊಸ ಪ್ಯಾಡ್ ಹಾಕಿ ಮೊದಲಿದ್ದ ಜಾಗದಲ್ಲಿಡಬೇಕು.