ಬಸುರಿಯನ್ನು ಮಾತಾಡಿಸುವ ಬಗೆ

ಬಸುರಿಯನ್ನು ಕಂಡ ಕೂಡಲೇ ಕಣ್ಣು ಹೊಟ್ಟೆಗೆ ಹೋಗುತ್ತದೆ, ಬಾಯಿಯೂ ಹಿಂದೆಯೇ ಓಡುತ್ತದೆ. ಮೊದಲು ಮುಖ ನೋಡಿ, "ಹೇಗಿದೀಯಮ್ಮ? ನಿದ್ದೆ ಬರ್ತಿದೆಯಾ?" ಎಂದು ಕೇಳಿ. ಉತ್ತರ ಬರುವವರೆಗೆ ಸುಮ್ಮನಿರಿ.

ಎಲ್ಲಕ್ಕಿಂತ ಕೆಟ್ಟದ್ದು "ಏಳು ತಿಂಗಳಿಗೆ ಹೊಟ್ಟೆ ಇಷ್ಟೇನಾ?" ಅನ್ನುವುದು. ಹೊಟ್ಟೆ ಕಾಣುವ ರೀತಿ ಅವಳ ಎತ್ತರ, ಸ್ನಾಯುಗಳ ಬಿಗಿ, ಮಗು ಮಲಗಿರುವ ಭಂಗಿ, ಎಷ್ಟನೇ ಬಸಿರು ಎಂಬುದರ ಮೇಲೆ ಬದಲಾಗುತ್ತದೆ. ಡಾಕ್ಟರು ಗರ್ಭಕೋಶದ ಎತ್ತರವನ್ನು ಟೇಪು ಹಿಡಿದೇ ಅಳೆಯುತ್ತಾರೆ: 28 ವಾರಕ್ಕೆ ಸುಮಾರು 28 ಸೆಂ.ಮೀ., 2 ಸೆಂ.ಮೀ. ಆಚೀಚೆಯಾದರೂ ಚಿಂತೆಯಿಲ್ಲ. ನಿಮ್ಮ ಕಣ್ಣಳತೆಯಿಂದ ಗಾಬರಿಯಾದವಳು ರಾತ್ರಿಯೆಲ್ಲ ಮೊಬೈಲಿನಲ್ಲಿ ಹುಡುಕುತ್ತಾಳೆ, ಅಷ್ಟೇ ಲಾಭ.

"ಹೊಟ್ಟೆ ಚೂಪಾಗಿದೆ, ಗಂಡೇ" ಎಂಬ ಭವಿಷ್ಯಕ್ಕೆ ಆಧಾರವಿಲ್ಲ. ಸ್ಕ್ಯಾನಿಂಗ್‌ನಲ್ಲಿ ಲಿಂಗ ತಿಳಿಸುವುದು 1994ರ ಕಾಯ್ದೆಯಂತೆ ಅಪರಾಧ; "ಡಾಕ್ಟರು ಏನಂದ್ರು?" ಎಂದು ಕೆದಕಬೇಡಿ. ಕೇಸರಿ ಹಾಲು ಕುಡಿದರೆ ಮಗು ಬೆಳ್ಳಗಾಗುತ್ತದೆ ಎನ್ನುವುದೂ ಬೇಡ.

"ಇಬ್ಬರ ಊಟ ಮಾಡು" ಪ್ರೀತಿಯ ಮಾತೇ. ಆದರೆ ನಾಲ್ಕನೇ ತಿಂಗಳಿಂದ ಹೆಚ್ಚಿಗೆ ಬೇಕಾದ್ದು ದಿನಕ್ಕೆ ಸುಮಾರು 350 ಕ್ಯಾಲರಿ: ಒಂದು ಲೋಟ ಹಾಲು, ಒಂದು ಚಪಾತಿ, ಒಂದು ಬಟ್ಟಲು ಕಾಳಿನ ಪಲ್ಯ. ಎದೆಯುರಿ ಇರುವವಳ ತಟ್ಟೆಗೆ ಒತ್ತಾಯದಿಂದ ಬಡಿಸುವ ಬದಲು "ಏನು ತಿನ್ನಬೇಕು ಅನ್ನಿಸ್ತಿದೆ?" ಎಂದು ಕೇಳಿ ಅದನ್ನೇ ಮಾಡಿಕೊಡಿ.

ಹೊಟ್ಟೆ ಮುಟ್ಟುವ ಮುನ್ನ ಕೇಳಿ, ಅತ್ತೆಯಾದರೂ ಸರಿ.

ಸೀಮಂತದಲ್ಲಿ ಹೆರಿಗೆ ನೋವಿನ ಕಥೆಗಳನ್ನು ತೆಗೆಯಬೇಡಿ. ರೇಷ್ಮೆ ಸೀರೆಯುಟ್ಟು ಗಂಟೆಗಟ್ಟಲೆ ಕೂತವಳ ಹತ್ತಿರ ಬಗ್ಗಿ, "ಬಾತ್‌ರೂಮಿಗೆ ಹೋಗ್ಬೇಕಾ? ಬಾ, ನಾನಿದೀನಿ" ಎಂದು ಮೆಲ್ಲಗೆ ಕೇಳುವವರೇ ಅಲ್ಲಿ ಬೇಕಾದವರು.