ಎಂಟು ಜನ, ಐದು ಬಾಟಲಿ: ನಮ್ಮ ಅಡುಗೆಯ ಜೊತೆ ವೈನ್ ರುಚಿ ನೋಡುವ ಸಂಜೆ

ವೈನ್ ಇಷ್ಟಪಡುವ ಗೆಳೆಯರು ಮನೆಯಲ್ಲಿ ಸೇರಿ, ಬಾಟಲಿ ಹಂಚಿಕೊಂಡು, ಅಡುಗೆಯ ಜೊತೆ ರುಚಿ ನೋಡುವ ಕೂಟಕ್ಕೆ ದೊಡ್ಡ ಖರ್ಚೇನೂ ಬೇಕಿಲ್ಲ. ಆದರೆ ಯುರೋಪಿನ ಊಟಕ್ಕೆಂದು ಬರೆದ ಜೋಡಿಗಳ ಪಟ್ಟಿಯನ್ನು ನಮ್ಮ ತಟ್ಟೆಗೆ ಹಾಗೇ ಇಳಿಸಿದರೆ ಸಂಜೆ ಕೆಡುತ್ತದೆ. ಅಲ್ಲಿ ಕೇಳುವ ಪ್ರಶ್ನೆ ಮಾಂಸವೋ ಮೀನೋ ಎಂಬುದು. ನಮ್ಮಲ್ಲಿ ವೈನ್ ಉಳಿಯುವುದೂ ಸೋಲುವುದೂ ಹುಣಸೆಹಣ್ಣು, ಮೆಣಸಿನಕಾಯಿ, ಬೆಲ್ಲ ಈ ಮೂರರ ಮೇಲೆ. ಇವು ಹಿಡಿತದಲ್ಲಿದ್ದರೆ ಕೋರಿ ಗಸ್ಸಿಗೂ ಎಣ್ಣೆಗಾಯಿಗೂ ಒಪ್ಪುವ ವೈನ್ ಇದ್ದೇ ಇದೆ.

ಕೆಳಗಿನ ಲೆಕ್ಕವೆಲ್ಲ ಎಂಟು ಜನಕ್ಕೆ, ಸಂಜೆ ಏಳಕ್ಕೆ ಶುರು ಎಂದು ಇಟ್ಟುಕೊಂಡದ್ದು. ಐವರು ಒಂದೊಂದು ಬಾಟಲಿ ತರಲಿ, ಉಳಿದ ಮೂವರು ಅಡುಗೆ ಹಂಚಿಕೊಳ್ಳಲಿ. ಎಂಟಕ್ಕಿಂತ ಹೆಚ್ಚು ಜನ ಬೇಡ. ಮಾತು ಎರಡು ಗುಂಪಾಗಿ ಒಡೆಯುತ್ತದೆ.

ಯಾವ ಬಾಟಲಿ

ಯಾರು ಏನು ತರಬೇಕೆಂದು ಮೊದಲೇ ಹಂಚಿಬಿಡಿ. ಇಲ್ಲದಿದ್ದರೆ ಐದೂ ದಪ್ಪ ಕೆಂಪು ವೈನೇ ಬರುತ್ತವೆ. ಈ ಊಟಕ್ಕೆ ಬೇಕಾದ ಸಾಲು ಇದು: ಬ್ರೂಟ್ ಸ್ಪಾರ್ಕ್ಲಿಂಗ್ (ಸಿಹಿ ತೀರಾ ಕಡಿಮೆಯಿರುವ, ಗುಳ್ಳೆ ಏಳುವ ವೈನ್) ಒಂದು, ಬಿಳಿಯಲ್ಲಿ ಸೋವಿನ್ಯೋನ್ ಬ್ಲಾಂಕ್ ಒಂದು, ತುಸು ಸಿಹಿ ಉಳಿಸಿದ ಶೆನಿನ್ ಬ್ಲಾಂಕ್ ಒಂದು, ಕೆಂಪಿನಲ್ಲಿ ಶಿರಾಜ್ ಒಂದು, ಕ್ಯಾಬರ್ನೆ ಸೋವಿನ್ಯೋನ್ ಅಥವಾ ಕ್ಯಾಬರ್ನೆ-ಶಿರಾಜ್ ಮಿಶ್ರಣ ಒಂದು. ಇಷ್ಟನ್ನೂ ಭಾರತದ ವೈನಿನಲ್ಲೇ ತುಂಬಿಸಬಹುದು. ನಂದಿ ಬೆಟ್ಟದ ಸೀಮೆಯ ಗ್ರೋವರ್ ಜಂಪಾದ ಲಾ ರಿಸರ್ವ್ ಕ್ಯಾಬರ್ನೆ-ಶಿರಾಜ್ ಮಿಶ್ರಣ. ಹಂಪಿ ಬೆಟ್ಟಗಳ ಸೀಮೆಯ ಕೃಷ್ಮಾ, ನಾಸಿಕ್‌ನ ಸುಲಾ ಕೂಡ ಬೆಂಗಳೂರಿನಲ್ಲಿ ಸಿಗುತ್ತವೆ. ಬೆಂಗಳೂರು ಬ್ಲೂ ದ್ರಾಕ್ಷಿಯ ವೈನನ್ನು ಈ ಸಾಲಿಗೆ ಸೇರಿಸಬೇಡಿ. 2013ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಪಡೆದ ಆ ಹಣ್ಣು ತಿನ್ನಲು, ಜ್ಯೂಸಿಗೆ ಸೊಗಸು. ಆದರೆ ಅದರ ಘಾಟು ಘಮ ಪಕ್ಕದ ಗ್ಲಾಸುಗಳನ್ನೂ ಮುಚ್ಚಿಹಾಕುತ್ತದೆ.

ಲೇಬಲ್ಲಿನ ವರ್ಷ ನೋಡುವಾಗ ಒಂದು ವಿಷಯ ನೆನಪಿರಲಿ. ನಮ್ಮಲ್ಲಿ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಚಾಟನಿ ಮಾಡಿದ (ಕಡ್ಡಿ ಕತ್ತರಿಸಿದ) ಬಳ್ಳಿಯ ಹಣ್ಣು ಜನವರಿಯಿಂದ ಮಾರ್ಚ್ ಒಳಗೆ ಕೊಯ್ಲಿಗೆ ಬರುತ್ತದೆ. ಫ್ರಾನ್ಸಿನಲ್ಲಿ ಅದೇ ವರ್ಷದ ಕೊಯ್ಲು ಶುರುವಾಗುವ ಹೊತ್ತಿಗೆ ನಮ್ಮ ವೈನಿಗೆ ಆಗಲೇ ಅರ್ಧ ವರ್ಷ ತುಂಬಿರುತ್ತದೆ. ಸೋವಿನ್ಯೋನ್ ಬ್ಲಾಂಕ್ ಆದಷ್ಟು ಹೊಸತೇ ಇರಲಿ. ಮೂರು ವರ್ಷ ಅಂಗಡಿಯಲ್ಲಿ ನಿಂತದ್ದು ಅಗ್ಗಕ್ಕೆ ಸಿಕ್ಕಿದರೂ ಬಿಡಿ.

ಅಂಗಡಿಯಲ್ಲಿ ಬಾಟಲಿಯ ಕುತ್ತಿಗೆಯನ್ನು ಬೆರಳಿಂದ ಸವರಿ ನೋಡಿ. ಮುಚ್ಚಳದ ಹಾಳೆಯ ಅಂಚಿನಲ್ಲಿ ಅಂಟಂಟಾಗಿದ್ದರೆ, ಅಥವಾ ಕಾರ್ಕ್ ಬಾಯಿಗಿಂತ ಮೇಲೆ ಉಬ್ಬಿದ್ದರೆ, ಆ ಬಾಟಲಿ ಬಿಸಿಲಲ್ಲಿ ಬೆಂದಿದೆ ಎಂದರ್ಥ. ಏಪ್ರಿಲ್-ಮೇ ತಿಂಗಳಲ್ಲಿ ಕಾರಿನ ಡಿಕ್ಕಿಯಲ್ಲಿ ಒಂದು ಮಧ್ಯಾಹ್ನ ಕಳೆದರೂ ಇದೇ ಗತಿ. ಕೊಂಡ ತಕ್ಷಣ ಮನೆಗೆ ಒಯ್ಯಿರಿ.

ಎಷ್ಟು ಸುರಿಯಬೇಕು

ಬಾಟಲಿ 750 ಮಿ.ಲೀ. ಮೊದಲ ಸುತ್ತಿಗೆ ತಲೆಗೆ 50 ಮಿ.ಲೀ. ಸುರಿದರೆ 400 ಹೋಗುತ್ತದೆ, ಊಟದ ಜೊತೆ ಎರಡನೇ ಸುತ್ತಿಗೆ 350 ಉಳಿಯುತ್ತದೆ. ಔಷಧಿ ಅಳೆಯುವ ಲೋಟದಿಂದ ಒಮ್ಮೆ 50 ಮಿ.ಲೀ. ನೀರು ಹಾಕಿ, ನಿಮ್ಮ ಗ್ಲಾಸಿನಲ್ಲಿ ಅದು ಎಲ್ಲಿಯವರೆಗೆ ಬರುತ್ತದೆಂದು ನೋಡಿಟ್ಟುಕೊಳ್ಳಿ. ಕಣ್ಣಳತೆಯಲ್ಲಿ ಸುರಿದರೆ ಆರನೆಯವರ ಹೊತ್ತಿಗೆ ಬಾಟಲಿ ಬರಿದಾಗುತ್ತದೆ. ಗ್ಲಾಸು ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತುಂಬಬಾರದು. ಆಡಿಸಲು, ಮೂಸಲು ಜಾಗ ಬೇಕು.

ಐದೂ ಬಾಟಲಿಯ ಮೊದಲ ಸುತ್ತು ಸೇರಿದರೆ ತಲೆಗೆ 250 ಮಿ.ಲೀ., ಅಂದರೆ ಮೂರನೇ ಒಂದು ಬಾಟಲಿ. ಮೇಜಿನ ಮೇಲೆ ಉಗುಳಲು ಒಂದೆರಡು ಸ್ಟೀಲ್ ಚೊಂಬು ಇಡಿ, ಯಾರೂ ಸಂಕೋಚಪಡದಿರಲಿ. ತಲೆಗೆ ಒಂದು ಲೀಟರ್ ನೀರು ಬೇಕು. ನಾಲಿಗೆ ಶುದ್ಧ ಮಾಡಲು ಒಗ್ಗರಣೆ ಹಾಕದ ಬರಿಯ ಮಂಡಕ್ಕಿಗಿಂತ ಒಳ್ಳೆಯದು ಇನ್ನೊಂದಿಲ್ಲ. ಕರ್ನಾಟಕದಲ್ಲಿ 21 ತುಂಬದವರಿಗೆ ಮದ್ಯವಿಲ್ಲ. ಗಾಡಿ ಓಡಿಸುವವರ ರಕ್ತದಲ್ಲಿ 100 ಮಿ.ಲೀ.ಗೆ 30 ಮಿ.ಗ್ರಾಂ ಮದ್ಯಸಾರವೇ ಕಾನೂನಿನ ಮಿತಿ. ಎರಡು ಗ್ಲಾಸಿಗೇ ಅದನ್ನು ದಾಟಬಹುದು. ಎಲ್ಲರೂ ಆಟೋ, ಕ್ಯಾಬ್, ಮೆಟ್ರೋದಲ್ಲೇ ಬರಲಿ.

ಮನೆಯ ವಾಸನೆ, ಗ್ಲಾಸಿನ ವಾಸನೆ

ಇದು ಬಹಳ ಮಂದಿ ಮರೆಯುವ ಭಾಗ. ಇಂಗಿನ ಒಗ್ಗರಣೆ, ಕರಿದ ಎಣ್ಣೆ, ಮೀನು ಹುರಿದ ಹೊಗೆ ಇವೆಲ್ಲ ಐದು ಗಂಟೆಗೇ ಮುಗಿಯಬೇಕು. ಆಮೇಲೆ ಕಿಟಕಿ ತೆರೆದು ಫ್ಯಾನ್ ಹಾಕಿ. ಸಂಜೆ ದೀಪ ಹಚ್ಚುವ ಮನೆಯಾದರೆ ಅಂದು ಅಗರಬತ್ತಿ, ಸಾಂಬ್ರಾಣಿ ಬೇಡ. ಮೇಜಿನ ಹೂದಾನಿಯಲ್ಲಿ ಮಲ್ಲಿಗೆ, ಸುಗಂಧರಾಜ ಬೇಡ. ಬರುವವರಿಗೆ ಸೆಂಟು ಹಾಕಿಕೊಳ್ಳಬೇಡಿ ಎಂದು ಹೇಳುವುದರಲ್ಲಿ ತಪ್ಪಿಲ್ಲ. ಬಿಳಿ ವೈನಿನ ಘಮ ನವಿರು, ಒಂದು ಮೊಳ ಮಲ್ಲಿಗೆಯ ಎದುರು ನಿಲ್ಲುವುದಿಲ್ಲ.

ಗ್ಲಾಸನ್ನು ಬೀರುವಿನಲ್ಲಿ ಬೋರಲು ಇಟ್ಟಿದ್ದರೆ ಮರದ ವಾಸನೆ ಒಳಗೇ ಕೂತಿರುತ್ತದೆ. ಬಿಸಿನೀರಿನಲ್ಲಿ ತೊಳೆದು, ಸೋಪಿನ ವಾಸನೆಯಿಲ್ಲದ ಹತ್ತಿಬಟ್ಟೆಯಲ್ಲಿ ಒರೆಸಿ, ಖಾಲಿ ಗ್ಲಾಸನ್ನು ಒಮ್ಮೆ ಮೂಸಿ ನೋಡಿ. ಸೋಪಿನ ಅಂಶ ಉಳಿದರೆ ಸ್ಪಾರ್ಕ್ಲಿಂಗ್ ವೈನಿನ ಗುಳ್ಳೆಯೂ ಬೇಗ ಸಾಯುತ್ತದೆ. ತಲೆಗೆ ಎರಡು ಗ್ಲಾಸಾದರೆ ಸಾಕು, ಬಿಳಿಗೊಂದು, ಕೆಂಪಿಗೊಂದು. ನಡುವೆ ನೀರಿನಲ್ಲಿ ತೊಳೆಯುವ ಬದಲು, ಮುಂದಿನ ವೈನನ್ನೇ ಒಂದು ಚಮಚ ಹಾಕಿ ಆಡಿಸಿ ಚೆಲ್ಲಿ.

ತಣ್ಣಗೆ, ಆದರೆ ಎಷ್ಟು ತಣ್ಣಗೆ

ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕೊಡಬೇಕು ಎಂಬ ಮಾತು ಹುಟ್ಟಿದ್ದು ಯುರೋಪಿನ ತಣ್ಣನೆಯ ಕಲ್ಲುಮನೆಗಳಲ್ಲಿ. ನಮ್ಮ ಕೋಣೆ 26-28 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಆ ಬಿಸಿಯಲ್ಲಿ ಮೂಗಿಗೆ ಮೊದಲು ಬಡಿಯುವುದು ಮದ್ಯಸಾರದ ಘಾಟು, ಹಣ್ಣಿನ ರುಚಿ ಜಾಮ್‌ನಂತಾಗುತ್ತದೆ. ಕೆಂಪಿಗೆ 16ರಿಂದ 18 ಡಿಗ್ರಿ ಸಾಕು: ಫ್ರಿಜ್ಜಿನಲ್ಲಿ ಸುಮಾರು 40 ನಿಮಿಷ, ಇಲ್ಲವೇ ಐಸ್‌ನೀರಿನಲ್ಲಿ 10 ನಿಮಿಷ. ಇನ್ನೂ ತಣ್ಣಗಾದರೆ ಒಗರು ಎದ್ದು ಕಹಿಯಾಗುತ್ತದೆ. ಬಿಳಿಗೆ 8ರಿಂದ 12, ಸ್ಪಾರ್ಕ್ಲಿಂಗಿಗೆ 6ರಿಂದ 8. ಫ್ರಿಜ್ಜಿನಿಂದ ತೆಗೆದ ಸೋವಿನ್ಯೋನ್ ಬ್ಲಾಂಕನ್ನು ಹತ್ತು ಹದಿನೈದು ನಿಮಿಷ ಹೊರಗಿಡಿ, ನಾಲ್ಕು ಡಿಗ್ರಿಯಲ್ಲಿ ಅದಕ್ಕೆ ಘಮವೇ ಇರುವುದಿಲ್ಲ.

ಅವಸರವಿದ್ದರೆ ಬಕೆಟ್ಟಿಗೆ ಅರ್ಧ ಐಸು, ಅರ್ಧ ನೀರು, ಎರಡು ಹಿಡಿ ಕಲ್ಲುಪ್ಪು ಹಾಕಿ ಬಾಟಲಿಯನ್ನು ಕುತ್ತಿಗೆಯವರೆಗೆ ಮುಳುಗಿಸಿ. ಬಿಳಿ ವೈನ್ 20-25 ನಿಮಿಷಕ್ಕೆ ಸಿದ್ಧ. ಬರೀ ಐಸು ತುಂಬಿದರೆ ತುಂಡುಗಳ ನಡುವಿನ ಗಾಳಿಯಿಂದಾಗಿ ನಿಧಾನವಾಗುತ್ತದೆ.

ಸ್ಪಾರ್ಕ್ಲಿಂಗ್ ಬಾಟಲಿಯೊಳಗಿನ ಒತ್ತಡ ಕಾರಿನ ಟೈರಿನದಕ್ಕಿಂತ ಹೆಚ್ಚು. ತಂತಿಯನ್ನು ಆರು ಅರ್ಧಸುತ್ತು ಬಿಚ್ಚುವಾಗಿನಿಂದ ಹೆಬ್ಬೆರಳು ಕಾರ್ಕಿನ ಮೇಲೇ ಇರಲಿ, ಬಾಟಲಿಯನ್ನು 45 ಡಿಗ್ರಿ ಓರೆ ಹಿಡಿದು, ಕಾರ್ಕನ್ನು ಬಿಗಿಹಿಡಿದು ಬಾಟಲಿಯನ್ನು ತಿರುಗಿಸಿ. ಬಾಯಿ ಯಾರ ಮುಖದ ಕಡೆಗೂ ಇರಬಾರದು. ಸರಿಯಾಗಿ ತಣಿಯದ ಬಾಟಲಿ ಉಕ್ಕಿ ನಾಲ್ಕನೇ ಒಂದು ಪಾಲು ನೆಲಕ್ಕೇ ಹೋದೀತು.

ಹುಳಿ, ಖಾರ, ಸಿಹಿ

ಹುಣಸೆಹಣ್ಣಿನ ಹುಳಿಗೂ ದ್ರಾಕ್ಷಿಯ ಹುಳಿಗೂ ಮೂಲ ಒಂದೇ, ಟಾರ್ಟಾರಿಕ್ ಆಮ್ಲ. ತಟ್ಟೆಯ ಹುಳಿ ವೈನಿನ ಹುಳಿಯನ್ನು ಮೀರಿದರೆ ನಾಲಿಗೆ ಅದಕ್ಕೆ ಒಗ್ಗಿಹೋಗಿ ವೈನ್ ಸಪ್ಪೆಯಾಗುತ್ತದೆ, ನೀರು ಬೆರೆಸಿದಂತಿರುತ್ತದೆ. ಹೀಗಾಗಿ ಹುಣಸೆ ಹಾಕುವ ಪ್ರತಿ ಅಡುಗೆಗೂ ಅಂದು ಅರ್ಧದಷ್ಟೇ ಹಾಕಿ. ಪಂದಿ ಕರಿಯಾದರೆ 1 ಕಿಲೋ ಮಾಂಸಕ್ಕೆ ಎರಡು ಚಮಚ ಕಾಚಂಪುಳಿಯ (ಕೊಡಗಿನ ಕಪ್ಪು ಹುಳಿರಸ) ಬದಲು ಒಂದು.

ಖಾರದ ಮಾತು ಬೇರೆ. ಮೆಣಸಿನಕಾಯಿಯ ಉರಿಯನ್ನು ಹಿಡಿಯುವ ನರಗಳೇ ಮದ್ಯಸಾರಕ್ಕೂ ಕೆರಳುತ್ತವೆ. 14.5% ಮದ್ಯಸಾರದ ಶಿರಾಜ್ ಕುಡಿದರೆ ಗುಂಟೂರು ಮೆಣಸಿನಕಾಯಿಯ ಸಾರು ಇನ್ನಷ್ಟು ಸುಡುವುದು ಅದಕ್ಕೇ. ಒಗರು ಅದಕ್ಕೆ ಉಪ್ಪು ಸವರುತ್ತದೆ. ಕೆಂಪು ವೈನಿನ ಒಗರೆಂದರೆ ಚೊಗರು ಅಡಿಕೆ ಅಗಿದಾಗ ವಸಡು ಬಿಗಿಯುವಂಥದ್ದೇ. ಉಪಾಯ ಅಡುಗೆಮನೆಯಲ್ಲೇ ಇದೆ. ಬ್ಯಾಡಗಿ ಮೆಣಸಿನಕಾಯಿ ಬಣ್ಣ ಕೊಡುತ್ತದೆ, ಘಮ ಕೊಡುತ್ತದೆ, ಉರಿ ಕಡಿಮೆ. ಅಂದಿನ ಮಸಾಲೆಗೆಲ್ಲ ಬ್ಯಾಡಗಿಯನ್ನೇ ಬಳಸಿ, ಹುರಿಯುವ ಮೊದಲು ಸೀಳಿ ಒಳಗಿನ ಬಿಳಿ ನಾರು, ಬೀಜ ತೆಗೆದುಬಿಡಿ. ಹಸಿಮೆಣಸಿನಕಾಯಿಯನ್ನು ಪೂರ್ತಿ ಕೈಬಿಟ್ಟರೆ ಇನ್ನೂ ಒಳ್ಳೆಯದು.

ಸಿಹಿ ತಿಂದ ಬಾಯಿಗೆ ಒಣ (ಸಿಹಿಯಿಲ್ಲದ) ವೈನ್ ಹುಳಿಯಾಗಿ, ಕಟುವಾಗಿ ಕಾಣುತ್ತದೆ. ಎಣ್ಣೆಗಾಯಿಗೆ, ಪಲ್ಯಕ್ಕೆ ಬೆಲ್ಲ ಹಾಕುವ ಕೈ ಅಂದು ಸುಮ್ಮನಿರಲಿ. ಉಪ್ಪು, ಜಿಡ್ಡು ಮಾತ್ರ ವೈನಿನ ಗೆಳೆಯರು, ಎರಡೂ ಒಗರನ್ನು ಮೆತ್ತಗೆ ಮಾಡುತ್ತವೆ.

ತಟ್ಟೆಯ ಕ್ರಮ

ಬ್ರೂಟ್ ಜೊತೆ ಕೋಡುಬಳೆ, ನಿಪ್ಪಟ್ಟು. ಎಣ್ಣೆಯ ಜಿಡ್ಡನ್ನು ಗುಳ್ಳೆ ಮತ್ತು ಹುಳಿ ಸೇರಿ ತೊಳೆಯುತ್ತವೆ, ಉಪ್ಪು ವೈನಿನ ಹಣ್ಣಿನ ರುಚಿಯನ್ನು ಎತ್ತುತ್ತದೆ. ಸೋವಿನ್ಯೋನ್ ಬ್ಲಾಂಕ್ ಜೊತೆ ಸೌತೆಕಾಯಿ ಹಾಕಿದ ಹೆಸರುಬೇಳೆ ಕೋಸಂಬರಿ: 200 ಗ್ರಾಂ ಬೇಳೆಗೆ ಅರ್ಧ ನಿಂಬೆ ಸಾಕು, ಕೊತ್ತಂಬರಿ ಸೊಪ್ಪು ಧಾರಾಳವಾಗಿರಲಿ, ಇಂಗು ಬೇಡ. ವೈನಿನಲ್ಲಿರುವ ಕ್ಯಾಪ್ಸಿಕಂ, ಹಸಿಹುಲ್ಲಿನಂಥ ಘಮಕ್ಕೆ ಕೊತ್ತಂಬರಿ ಕೂಡಿಕೊಳ್ಳುತ್ತದೆ.

ಕೋರಿ ಗಸ್ಸಿ, ನೀರುದೋಸೆಗೆ ಶೆನಿನ್ ಬ್ಲಾಂಕ್, 8 ಡಿಗ್ರಿಯಲ್ಲಿ. ಅದರ ತಂಪು, ಸಿಹಿ ಎರಡೂ ಉರಿ ತಗ್ಗಿಸುತ್ತವೆ. ತೆಂಗಿನಹಾಲಿನ ದಪ್ಪವನ್ನು ಹುಳಿ ಕತ್ತರಿಸುತ್ತದೆ. ಈ ಊಟದಲ್ಲಿ ನಮಗೆ ಅತಿ ನೆಚ್ಚಿನ ಜೋಡಿ ಇದೇ. ಸಸ್ಯಾಹಾರಿಗಳಿಗೆ ಅದೇ ಮಸಾಲೆಯಲ್ಲಿ ಅಣಬೆ ಅಥವಾ ಹಲಸಿನ ಗುಜ್ಜೆ.

ಶಿರಾಜ್ ಜೊತೆ ಮಲೆನಾಡಿನ ಕಾಳುಮೆಣಸು ಕುಟ್ಟಿ ಹಾಕಿದ ಕೋಳಿ ಹುರುಕಲು, ಇಲ್ಲವೇ ಪಂದಿ ಕರಿ. 2008ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಶಿರಾಜ್‌ನ ಮೆಣಸಿನ ಘಮಕ್ಕೆ ಕಾರಣ ರೊಟಂಡೋನ್ ಎಂಬ ಸಂಯುಕ್ತ ಎಂದು ಗುರುತಿಸಿದರು. ಕಾಳುಮೆಣಸಿನಲ್ಲಿರುವುದೂ ಅದೇ. ಸುಮಾರು ಐವರಲ್ಲಿ ಒಬ್ಬರಿಗೆ ಇದರ ವಾಸನೆ ತಿಳಿಯುವುದೇ ಇಲ್ಲ. ಹಾಗಾಗಿ ನಿಮ್ಮ ಎಂಟು ಜನರಲ್ಲಿ ಒಬ್ಬಿಬ್ಬರು ‘ಮೆಣಸೆಲ್ಲಿದೆ?’ ಎಂದರೆ ವಾದಕ್ಕಿಳಿಯಬೇಡಿ, ಅವರ ಮೂಗಿಗೆ ಅದು ನಿಜವಾಗಿಯೂ ಇಲ್ಲ. ಮೆಣಸನ್ನು ಒಲೆ ಆರಿಸಿದ ಮೇಲೆ ಕುಟ್ಟಿ ಉದುರಿಸಿ, ಘಮ ಉಳಿಯುತ್ತದೆ.

ಕ್ಯಾಬರ್ನೆಗೆ ಮಟನ್ ಚಾಪ್ಸ್. ಸಸ್ಯಾಹಾರಿಗಳಿಗೆ ಜೋಳದ ರೊಟ್ಟಿ, ಎಣ್ಣೆಗಾಯಿ. ಶೇಂಗಾ, ಎಳ್ಳು, ಗುರೆಳ್ಳಿನ ಜಿಡ್ಡು ಒಗರನ್ನು ತಡೆದುಕೊಳ್ಳುತ್ತದೆ. ಮೆಂತ್ಯದ ಸೊಪ್ಪಿನ ಪಲ್ಯ ಮಾತ್ರ ಇದರ ಹತ್ತಿರ ಬರದಿರಲಿ, ಎರಡು ಕಹಿ ಕೂಡಿದರೆ ನುಂಗಲಾಗದು. ಕೆಂಪು ವೈನಿನ ಜೊತೆ ಮೀನೂ ಬೇಡ. ಕೆಂಪಿನಲ್ಲಿ ಹೆಚ್ಚಿರುವ ಕಬ್ಬಿಣದ ಅಂಶ ಮೀನಿನ ಎಣ್ಣೆಯೊಡನೆ ಸೇರಿ ಬಾಯಲ್ಲಿ ನಾತ ಉಳಿಸುತ್ತದೆ.

ಕೊನೆಗೆ ಸಿಹಿ ಬೇಕೆಂದರೆ 375 ಮಿ.ಲೀ.ನ ಲೇಟ್ ಹಾರ್ವೆಸ್ಟ್ (ತಡವಾಗಿ ಕೊಯ್ದ ಹಣ್ಣಿನ, ಸಿಹಿಯಾದ) ಶೆನಿನ್ ಬ್ಲಾಂಕ್ ತನ್ನಿ, ತಲೆಗೆ 45 ಮಿ.ಲೀ. ಬರುತ್ತದೆ. ವೈನ್ ಯಾವಾಗಲೂ ತಿಂಡಿಗಿಂತ ಸಿಹಿಯಾಗಿರಬೇಕು. ಮೈಸೂರು ಪಾಕಿನ ಎದುರು ಯಾವುದೂ ನಿಲ್ಲದು. ಹುರಿದ ಗೋಡಂಬಿ, ಚೀಸ್, ಒಣ ಅಂಜೂರ ಇಡಿ.

ರುಚಿ ನೋಡುವ ಬಗೆ

ಬಾಟಲಿಗಳಿಗೆ ಹಳೇ ಪತ್ರಿಕೆ ಸುತ್ತಿ ಸಂಖ್ಯೆ ಬರೆಯಿರಿ, ಸುತ್ತಿದವರು ಬಾಯಿ ಬಿಡದಿರಲಿ. ಮೊದಲು ವೈನ್ ಮಾತ್ರ, ಆಮೇಲೆ ಒಂದು ತುತ್ತು, ಆ ರುಚಿ ಬಾಯಲ್ಲಿರುವಾಗಲೇ ಮತ್ತೆ ವೈನ್. ಎರಡನೇ ಗುಟುಕಿನಲ್ಲಿ ಹಣ್ಣು ಹೆಚ್ಚಿತೇ, ಹುಳಿ ಇಳಿಯಿತೇ, ಒಗರು ಮೆತ್ತಗಾಯಿತೇ, ನುಂಗಿದ ಮೇಲೆ ಎಷ್ಟು ಸೆಕೆಂಡು ಉಳಿಯಿತು ಎಂದು ಬರೆದುಕೊಳ್ಳಿ. ಮೂರು ನಿಮಿಷ ಯಾರೂ ಮಾತಾಡಬಾರದು. ಒಬ್ಬರು ‘ನೇರಳೆ ಹಣ್ಣು’ ಎಂದ ಕೂಡಲೇ ಉಳಿದೇಳು ಜನರಿಗೂ ನೇರಳೆಯೇ ಕಾಣುತ್ತದೆ.

ಕೆಟ್ಟ ಬಾಟಲಿ ಬಂದರೆ ತಂದವರು ಮುಜುಗರಪಡಬೇಕಿಲ್ಲ. ಒದ್ದೆ ರಟ್ಟಿನ ವಾಸನೆ ಬಂದರೆ ಅದು ಕಾರ್ಕಿನ ದೋಷ, ಸರಿಹೋಗುವುದಿಲ್ಲ. ನೇಲ್ ಪಾಲಿಷ್ ಅಥವಾ ವಿನೆಗರ್ ವಾಸನೆಗೂ ಮದ್ದಿಲ್ಲ. ಕೊಳೆತ ಮೊಟ್ಟೆಯ ವಾಸನೆಯಾದರೆ ಚೆಲ್ಲಬೇಡಿ. ಜಗ್ಗಿಗೆ ಬಗ್ಗಿಸಿ ಅರ್ಧ ಗಂಟೆ ಗಾಳಿಗೆ ಬಿಟ್ಟರೆ ಎಷ್ಟೋ ಸಲ ಹೋಗುತ್ತದೆ. ಇದಕ್ಕಾಗಿಯೇ ಕೆಂಪು ಬಾಟಲಿಗಳನ್ನು ಆರೂವರೆಗೇ ತೆರೆದು ಮೂಸಿ ನೋಡಿ, ಬದಲಿ ಬಾಟಲಿ ಒಂದು ಮನೆಯಲ್ಲಿರಲಿ.

ಉಳಿದದ್ದನ್ನು 375 ಮಿ.ಲೀ.ನ ಸಣ್ಣ ಬಾಟಲಿಗೆ ಅಂಚಿನವರೆಗೆ ತುಂಬಿ, ಬಿಗಿಯಾಗಿ ಮುಚ್ಚಿ, ಕೆಂಪಾದರೂ ಸರಿ ಫ್ರಿಜ್ಜಿನಲ್ಲೇ ಇಡಿ. ಗಾಳಿ ಕಡಿಮೆಯಾದಷ್ಟೂ ವೈನ್ ನಿಧಾನ ಕೆಡುತ್ತದೆ. ಬಿಳಿ ಮೂರು ದಿನ, ಕೆಂಪು ಮೂರು-ನಾಲ್ಕು ದಿನ ಬರುತ್ತದೆ. ಸ್ಪಾರ್ಕ್ಲಿಂಗ್ ಮಾತ್ರ ಮರುದಿನದೊಳಗೆ ಮುಗಿಸಬೇಕು. ಕೆಂಪನ್ನು ಮತ್ತೆ ಕುಡಿಯುವ ಅರ್ಧ ಗಂಟೆ ಮೊದಲು ಹೊರತೆಗೆಯಿರಿ.