ಮೂರು ತಲೆಮಾರು, ಒಂದೇ ಊರು: ನಮ್ಮ ಮನೆಯ ಡಿಸೆಂಬರ್ ರಜೆ

ಬೆಂಗಳೂರಿನಲ್ಲಿ ಡಿಸೆಂಬರ್ ರಜೆ ಎಲ್ಲ ಮಕ್ಕಳಿಗೂ ಒಂದೇ ತೆರನಾಗಿ ಸಿಗುವುದಿಲ್ಲ. ರಾಜ್ಯ ಪಠ್ಯಕ್ರಮದ ಬಹುತೇಕ ಶಾಲೆಗಳಲ್ಲಿ ದೊಡ್ಡ ರಜೆ ದಸರೆಗೇ ಮುಗಿದಿರುತ್ತದೆ. ಕೇಂದ್ರ ಪಠ್ಯಕ್ರಮದ ಹಲವು ಶಾಲೆಗಳೂ ಕ್ರೈಸ್ತ ಆಡಳಿತದ ಶಾಲೆಗಳೂ ಕ್ರಿಸ್‌ಮಸ್ ಹೊತ್ತಿಗೆ ವಾರವೋ ಹತ್ತು ದಿನವೋ ಬಾಗಿಲು ಹಾಕುತ್ತವೆ. ನಮ್ಮ ಕುಟುಂಬದಲ್ಲಿ ಎರಡೂ ಬಗೆಯ ಶಾಲೆಗಳಿಗೆ ಹೋಗುವ ಮಕ್ಕಳಿರುವುದರಿಂದ, ವರ್ಷದ ಕೊನೆಯ ಪ್ರವಾಸಕ್ಕೆ ಯಾವ ಊರು ಎಂದು ಚರ್ಚಿಸುವ ಮೊದಲೇ ನಾನು ಎಲ್ಲರ ರಜಾಪಟ್ಟಿ ತರಿಸಿಕೊಂಡು, ಅಡುಗೆಮನೆಯ ಗೋಡೆಯಲ್ಲಿರುವ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳುತ್ತೇನೆ. ಎಲ್ಲರಿಗೂ ಹೊಂದುವ ದಿನಗಳು ಕೆಲವೇ ಇರುತ್ತವೆ. ಆ ಕೆಲವೇ ದಿನಗಳಲ್ಲಿ ಮೂರು ತಲೆಮಾರಿನವರು ಒಟ್ಟಿಗೆ ಹೊರಡುವುದಾದರೆ ಒಂದೇ ಊರಿಗೆ ಹೋಗಿ, ಅಲ್ಲೇ ಉಳಿದು, ನಿಧಾನವಾಗಿ ನೋಡಿ ಬರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ದಿನಕ್ಕೊಂದು ಊರು ಸುತ್ತಿದರೆ ಹಿರಿಯರಿಗೆ ಬಸ್ಸಿನ ಕಿಟಕಿಯಷ್ಟೇ ಉಳಿಯುತ್ತದೆ.

ನಾವು ಬಾದಾಮಿಗೆ ಹೋದದ್ದು ಹಾಗೆ. ಬಾದಾಮಿಯ ಬನಶಂಕರಿ ನಮ್ಮ ಮನೆದೇವರು. ಅಮ್ಮನಿಗೆ ಧನುರ್ಮಾಸದಲ್ಲಿ ಅಲ್ಲಿ ಒಂದು ಬೆಳಗಿನ ಪೂಜೆ ನೋಡಬೇಕೆಂಬ ಆಸೆ ಬಹಳ ಕಾಲದಿಂದ ಇತ್ತು. ಬನದ ಹುಣ್ಣಿಮೆಯ ಜಾತ್ರೆಯ ನೂಕುನುಗ್ಗಲಿನಲ್ಲಿ ಅವರನ್ನು ಕರೆದೊಯ್ಯುವುದು ಕಷ್ಟ, ಆದ್ದರಿಂದ ಅದಕ್ಕೂ ಮೊದಲಿನ ಈ ದಿನಗಳೇ ಒಳ್ಳೆಯವು ಎನಿಸಿತು.

ಕ್ರಿಸ್‌ಮಸ್ ಮಾತ್ರ ಮನೆಯಲ್ಲೇ. ಅತ್ತಿಗೆ ಮಂಗಳೂರಿನ ಕಥೊಲಿಕ ಮನೆತನದವರು. ಇಪ್ಪತ್ತನೇ ತಾರೀಖು ದಾಟುತ್ತಿದ್ದಂತೆ ಅವರ ಮನೆಯ ಊಟದ ಮೇಜು ಕುಸ್ವಾರ್ ಎಂಬ ಕ್ರಿಸ್‌ಮಸ್ ತಿಂಡಿಗಳ ತಯಾರಿಗೆ ಮೀಸಲಾಗುತ್ತದೆ. ಕರಿಗಡುಬಿನಂಥ ನೆವ್ರಿಗೆ ಹೂರಣ ತುಂಬುವುದು ದೊಡ್ಡವರ ಪಾಲು, ಕಿಡಿಯೊ ಹೊಸೆಯುವುದು ಮಕ್ಕಳ ಪಾಲು. ಮೈದಾಕ್ಕೆ ತೆಂಗಿನಹಾಲು ಹಾಕಿ ಗಟ್ಟಿಯಾಗಿ ಕಲಸಿದ ಹಿಟ್ಟಿನಿಂದ ಗೋಲಿಯಷ್ಟು ಚಿವುಟಿ, ಎಣ್ಣೆ ಸವರಿದ ಫೋರ್ಕಿನ ಬೆನ್ನಿನ ಮೇಲೆ ಹೆಬ್ಬೆರಳಿನಿಂದ ಒತ್ತಿ, ಅಂಚು ಹಿಡಿದು ಹಿಂದಕ್ಕೆ ಸುರುಳಿ ಸುತ್ತಿದರೆ ಮೈತುಂಬ ಗೀರುಗಳಿರುವ ಪುಟ್ಟ ಶಂಖದಂಥದ್ದು ಸಿದ್ಧವಾಗುತ್ತದೆ. ಅದನ್ನು ಕರಿದು ಸಕ್ಕರೆ ಪಾಕದಲ್ಲಿ ಹೊರಳಿಸಬೇಕು. ಮೊದಮೊದಲು ದೂರ ಕುಳಿತು ನೋಡುತ್ತಿದ್ದ ಅಮ್ಮ ಈಗ ಬಾಣಲೆಯ ಉಸ್ತುವಾರಿ ವಹಿಸಿಕೊಂಡಿದ್ದಾರೆ. "ಎಣ್ಣೆ ಇನ್ನೂ ಕಾಯಲಿ ಕಣಮ್ಮಾ, ಆತುರ ಪಡಬೇಡ" ಎಂದು ಸೊಸೆಗೆ ಹೇಳುವ ಅವರ ಧ್ವನಿಯಲ್ಲಿ ನನಗೆ ಹಬ್ಬ ಕೇಳಿಸುತ್ತದೆ. 24ರ ರಾತ್ರಿ ಅಣ್ಣ, ಅತ್ತಿಗೆ, ಮಕ್ಕಳು ಚರ್ಚಿಗೆ ಬಲಿಪೂಜೆ ಎಂಬ ಪ್ರಾರ್ಥನಾ ವಿಧಿಗೆ ಹೋಗಿಬರುತ್ತಾರೆ. 25ರಂದು ಎಲ್ಲರಿಗೂ ಅಲ್ಲೇ ಊಟ, ಜೊತೆಗೆ ಅಮ್ಮನ ಹಿತಕಿದ ಅವರೆಬೇಳೆ ಸಾರು. ಸೊಗಡಿನ ಅವರೆಕಾಯಿ ಸಿಗುವ ಈ ತಿಂಗಳಿನಲ್ಲಿ ಆ ಸಾರಿಲ್ಲದೆ ನಮ್ಮ ಮನೆಯಲ್ಲಿ ಯಾವ ಹಬ್ಬವೂ ಪೂರ್ಣವಾಗುವುದಿಲ್ಲ. ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದ ಗೋದಲಿಯನ್ನು (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯನ್ನು) ಮಕ್ಕಳಿಗೆ ತೋರಿಸಲು 26ರ ಬೆಳಗನ್ನು ಇಟ್ಟುಕೊಳ್ಳುತ್ತೇವೆ. ಅಂದು ಸಂಜೆ ರೈಲು.

ರೈಲಿನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇಡೀ ಪ್ರವಾಸದ ಸುಖ ಇಲ್ಲೇ ನಿರ್ಧಾರವಾಗುತ್ತದೆ. 2024ರ ನವೆಂಬರ್ 1ರಿಂದ ಮುಂಗಡ ಕಾಯ್ದಿರಿಸುವಿಕೆಯ ಅವಧಿ 120 ದಿನಗಳಿಂದ 60 ದಿನಗಳಿಗೆ ಇಳಿದಿದೆ. ಡಿಸೆಂಬರ್ 26ರ ಟಿಕೆಟ್ ಅಕ್ಟೋಬರ್ 27ರ ಬೆಳಿಗ್ಗೆ 8 ಗಂಟೆಗೆ ತೆರೆಯುತ್ತದೆ. ಒಂದು ಟಿಕೆಟ್‌ನಲ್ಲಿ ಆರು ಜನರಿಗಷ್ಟೇ ಅವಕಾಶವಿರುವುದರಿಂದ, ನಮ್ಮಂಥ ದೊಡ್ಡ ಗುಂಪಿನಲ್ಲಿ ಇಬ್ಬರು ಎರಡು ಫೋನುಗಳನ್ನು ಹಿಡಿದು ಕೂರಬೇಕು. ಅಪ್ಪ ಅಮ್ಮನ ಟಿಕೆಟ್ಟನ್ನು ನಾನು ಸದಾ ಪ್ರತ್ಯೇಕವಾಗಿ, ಹಿರಿಯ ನಾಗರಿಕರ ಕೋಟಾದಲ್ಲಿ ಮಾಡಿಸುತ್ತೇನೆ. 60 ದಾಟಿದ ಪುರುಷರಿಗೆ ಮತ್ತು 45 ದಾಟಿದ ಮಹಿಳೆಯರಿಗೆ ಮೀಸಲಾದ ಕೆಳಗಿನ ಬರ್ತ್ ಆ ಕೋಟಾದಲ್ಲಿ ಸಿಗಬೇಕಾದರೆ ಅವರು ಒಬ್ಬರೇ ಅಥವಾ ಇಬ್ಬರೇ ಒಂದು ಟಿಕೆಟ್‌ನಲ್ಲಿರಬೇಕು. ಮಕ್ಕಳು ಮೊಮ್ಮಕ್ಕಳ ಹೆಸರನ್ನು ಅದರಲ್ಲೇ ಸೇರಿಸಿದರೆ ಆ ಸೌಲಭ್ಯ ಅನ್ವಯವಾಗುವುದಿಲ್ಲ. ಬೋಗಿ ಬೇರೆಯಾದರೆ ದೊಡ್ಡ ಹುಡುಗನೊಬ್ಬನನ್ನು ಅವರ ಹತ್ತಿರಕ್ಕೆ ಕಳುಹಿಸಿ, ಸಹಪ್ರಯಾಣಿಕರಲ್ಲಿ ವಿನಂತಿಸಿ ಸೀಟು ಬದಲಿಸಿಕೊಳ್ಳುತ್ತೇವೆ. ಮೊಣಕಾಲು ನೋವಿರುವ ಅಮ್ಮನಿಗೆ ಕೆಳಗಿನ ಬರ್ತ್ ಸಿಕ್ಕರೆ ಮರುದಿನದ ಅರ್ಧ ದಣಿವು ಅಲ್ಲೇ ತಪ್ಪುತ್ತದೆ.

ಗೋಲಗುಂಬಜ್ ಎಕ್ಸ್‌ಪ್ರೆಸ್ ಮೈಸೂರಿನಿಂದ ಹೊರಟು ಬೆಂಗಳೂರಿನ ಮೂಲಕ ಬರುವುದರಿಂದ ಮೈಸೂರಿನ ಅಕ್ಕ, ಭಾವ ಅಲ್ಲಿಂದಲೇ ಹತ್ತಿಕೊಂಡರು. ರಾತ್ರಿಗೆ ಪುಳಿಯೋಗರೆ, ಚಪಾತಿ, ಚಟ್ನಿಪುಡಿ. ಬೆಳಗಾಗುವಾಗ ರೈಲು ಗದಗ ದಾಟಿರುತ್ತದೆ. ಕಿಟಕಿಯಾಚೆ ಜೋಳದ ಹೊಲಗಳು. ಬಾದಾಮಿ ನಿಲ್ದಾಣದಿಂದ ಊರು ಸುಮಾರು 5 ಕಿಲೋಮೀಟರ್, ಆಟೋಗಳು ಸಿಗುತ್ತವೆ. ವಸತಿಗೆ ಮೊದಲೇ ಫೋನ್ ಮಾಡುವಾಗ ನಾನು ಕೇಳುವುದು ಬಾಡಿಗೆಯನ್ನಷ್ಟೇ ಅಲ್ಲ: ನೆಲಮಹಡಿಯಲ್ಲಿ ಕೋಣೆ ಇದೆಯೇ, ಕಮೋಡ್ ಇದೆಯೇ, ಬಿಸಿನೀರು ಬೆಳಿಗ್ಗೆ ಎಷ್ಟು ಹೊತ್ತಿಗೆ ಬರುತ್ತದೆ. ಐದು ಗಂಟೆಗೆ ಸ್ನಾನ ಮಾಡುವ ಹಿರಿಯರಿರುವ ಮನೆಯವರಿಗೆ ಮೂರನೆಯ ಪ್ರಶ್ನೆಯೇ ಮುಖ್ಯವಾದದ್ದು.

ಬಾದಾಮಿಯಲ್ಲಿ ಡಿಸೆಂಬರಿನ ಬೆಳಗು ತಂಪಾಗಿದ್ದರೂ ಮಧ್ಯಾಹ್ನ ಕೆಂಪು ಬಂಡೆಗಳು ಚೆನ್ನಾಗಿ ಕಾಯುತ್ತವೆ. ಆದ್ದರಿಂದ ಬೆಳಿಗ್ಗೆ ಬೇಗ ಗುಹೆಗಳಿಗೆ ಹೋಗಿ, ಮಧ್ಯಾಹ್ನ ಕೋಣೆಯಲ್ಲಿ ಮಲಗಿ, ಸಂಜೆ ಕೆರೆಯ ದಂಡೆಗೆ ಇಳಿಯುವುದು ನಮ್ಮ ಕ್ರಮವಾಗಿತ್ತು. ಅಪ್ಪ ನಿಧಾನವಾಗಿ ನಾಲ್ಕೂ ಗುಹೆಗಳನ್ನು ಹತ್ತಿದರು. ಅಮ್ಮ ಮೊದಲನೆಯದರಲ್ಲೇ ಕುಳಿತು ಹದಿನೆಂಟು ತೋಳುಗಳ ನಟರಾಜನನ್ನು ಬಹಳ ಹೊತ್ತು ನೋಡಿದರು. ಮಕ್ಕಳು ಯಾವ ಕೈಗೆ ಯಾವ ಕೈ ಜೋಡಿಸಿದರೆ ಯಾವ ಭಂಗಿಯಾಗುತ್ತದೆ ಎಂದು ಅವರ ಮುಂದೆ ನಿಂತು ಮಾಡಿ ತೋರಿಸಿದರು. ಮೂರನೆಯ ಗುಹೆಯ ಶಾಸನ ಚಾಲುಕ್ಯರ ಮಂಗಳೇಶ ಬರೆಸಿದ್ದು, ಕ್ರಿ.ಶ. 578ರದು ಎಂದು ಅಪ್ಪ ಹೇಳಿದಾಗ ಶಾಲೆಯ ಪಾಠದಲ್ಲಿ ಇಸವಿ ಎಂದರೆ ಬೇಸರಪಡುವ ಹುಡುಗಿಯೇ ಎಷ್ಟು ವರ್ಷವಾಯಿತೆಂದು ಲೆಕ್ಕ ಹಾಕಿದಳು. ಇಲ್ಲಿ ಮಂಗಗಳ ಕಾಟ ಹೆಚ್ಚು. ತಿಂಡಿಯ ಚೀಲವನ್ನು ಕೈಯಲ್ಲಿ ಹಿಡಿದು ಹತ್ತಬೇಡಿ. ಭೂತನಾಥ ದೇವಾಲಯ ಅಗಸ್ತ್ಯ ತೀರ್ಥವೆಂಬ ಆ ಕೆರೆಯ ಪೂರ್ವ ದಂಡೆಯಲ್ಲಿ ಪಶ್ಚಿಮಕ್ಕೆ ಮುಖಮಾಡಿ ನಿಂತಿರುವುದರಿಂದ ಅದನ್ನು ನೋಡಬೇಕಾದದ್ದು ಇಳಿಹೊತ್ತಿನ ಬಿಸಿಲಿನಲ್ಲಿ.

ಬನಶಂಕರಿಗೆ ನಸುಕಿನಲ್ಲೇ ಹೋದೆವು. ಪೂಜೆ ಮುಗಿಸಿ ಹೊರಬಂದಾಗ ಬುಟ್ಟಿ ಹೊತ್ತ ಹೆಂಗಸರು "ಬರ್ರಿ ಯವ್ವಾ, ಊಟ ಮಾಡ್ರಿ" ಎಂದು ಕರೆದರು. ಸಜ್ಜೆಯ ಕಡಕ್ ರೊಟ್ಟಿಯ ಮೇಲೆ ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ, ಕೆಂಪುಖಾರ ಇಟ್ಟು, ಜೊತೆಗೆ ಗಟ್ಟಿ ಮೊಸರು ಕೊಟ್ಟರು. ಬುಟ್ಟಿಯ ಪಕ್ಕದಲ್ಲೇ ಕುಳಿತ ಅಮ್ಮ ಆ ತಾಯಿಯೊಡನೆ ರೊಟ್ಟಿ ಬಡಿಯುವ ಬಗೆಯಿಂದ ಮೊಮ್ಮಕ್ಕಳ ಓದಿನವರೆಗೆ ಮಾತಾಡಿದರು. ಯಾರೂ ಅವರನ್ನು ಎಬ್ಬಿಸಲಿಲ್ಲ, ಏಕೆಂದರೆ ಅಂದು ನಾವು ಹೋಗಬೇಕಾದ ಬೇರೆ ಜಾಗವೇ ಇರಲಿಲ್ಲ. ಒಂದೇ ಊರು ಸಾಕೆಂದು ನಾನು ಹಟ ಹಿಡಿಯುವುದು ಇಂಥ ಹೊತ್ತಿಗಾಗಿ.

ಪಟ್ಟದಕಲ್ಲು ಮತ್ತು ಐಹೊಳೆಗೆ ಮಾತ್ರ ಒಂದು ದಿನದ ಮಟ್ಟಿಗೆ ಟೆಂಪೋ ಟ್ರಾವೆಲರ್ ಗೊತ್ತು ಮಾಡಿಕೊಂಡೆವು. 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಟ್ಟದಕಲ್ಲಿನ ಆವರಣದಲ್ಲಿ ಹುಲ್ಲುಹಾಸೂ ನೆರಳೂ ಇವೆ, ಹಿರಿಯರು ಕುಳಿತುಕೊಳ್ಳಬಹುದು. ಐಹೊಳೆಯಲ್ಲಿ ದುರ್ಗ ದೇವಾಲಯವನ್ನಷ್ಟೇ ನೋಡಿ, ಮೇಗುಟಿ ಬೆಟ್ಟವನ್ನು ಬಿಟ್ಟೆವು.

31ರ ಸಂಜೆ ಬೆಂಗಳೂರಿನ ರಸ್ತೆಗಳಲ್ಲಿ ಸಿಕ್ಕಿಕೊಳ್ಳಬಾರದೆಂದು 29ರ ರಾತ್ರಿಯೇ ಮರಳುವ ರೈಲು ಹತ್ತಿದೆವು. ಖರ್ಚಿನ ಲೆಕ್ಕವನ್ನು ರೈಲಿನಲ್ಲೇ ಮುಗಿಸುತ್ತೇವೆ: ರೈಲು, ವಸತಿ, ವಾಹನದ ಮೊತ್ತವನ್ನು ದುಡಿಯುವವರೆಲ್ಲ ಸಮನಾಗಿ ಹಂಚಿಕೊಳ್ಳುತ್ತೇವೆ, ಅಪ್ಪ ಅಮ್ಮನಿಂದ ಏನೂ ತೆಗೆದುಕೊಳ್ಳುವುದಿಲ್ಲ. ಬುಟ್ಟಿಯ ಊಟದ ಹಣವನ್ನು ಮಾತ್ರ ಅಮ್ಮ ತಾವೇ ಕೊಟ್ಟಿದ್ದರು.